ಬೀರುವಿನೊಳಗೆ ಬೀಗದ ಕೈ

"ನೋಡಮ್ಮಾ, ಹಲ್ಲನ್ನ ಯಾರು ಬೇಕಾದ್ರೂ ಮಾಡಿಕೊಡ್ತಾರೆ. ನನಗೆ ಬೇಕಾಗಿರೋದು ಆಕೆಯ ಹಲ್ಲು," ಅಂದರು ಫೋನಿನ ಆ ಕಡೆಯಿಂದ ದಂತವೈದ್ಯರು. "ಸಂಜೆ ಆಕೆಯನ್ನ ಕುರ್ಚಿ ಮೇಲೆ ಕೂರಿಸ್ತೀನಿ. ನಾಳೆ ಬೆಳಿಗ್ಗೆ ಆಕೆ ರೇಡಿಯೊದಲ್ಲಿ ಸುದ್ದಿ ಓದ್ಬೇಕು. ಆಗುತ್ತೋ ಇಲ್ವೋ, ಅಷ್ಟು ಹೇಳು."

"ಆಗುತ್ತೆ ಡಾಕ್ಟ್ರೇ," ಅಂದಳು ಅಕ್ಕ.

ಅಂದುಬಿಟ್ಟಳು, ಅಷ್ಟೆ. ಫೋನಿಟ್ಟು ತಿರುಗಿದರೆ ಕಂಪ್ಯೂಟರಿನ ಪರದೆ ಮೇಲೆ ಬೆಳಿಗ್ಗೆಯಿಂದ ಕೂತಿದ್ದ ಅದೇ ಮಾತು, ಸಾಲ ವಸೂಲಿಗೆ ಬಂದವರ ಹಾಗೆ ಜಗ್ಗದೆ ಕೂತಿತ್ತು: ‘ನಿಮ್ಮ ಸಂಸ್ಥೆಯ ಭದ್ರತಾ ನಿಯಮಗಳು ಅತಿಥಿಗಳ ಪ್ರವೇಶವನ್ನು ತಡೆದಿವೆ.’

"ನನ್ನ ಸಂಸ್ಥೆಯಂತೆ! ನನ್ನ ನಿಯಮವಂತೆ!" ಅಕ್ಕ ಮೇಜು ಗುದ್ದಿದಳು. ಮೇಜಿನ ಮೇಲಿದ್ದ ಪ್ಲಾಸ್ಟರಿನ ದವಡೆಗಳು ಒಂದಕ್ಕೊಂದು ತಾಕಿ ಕಟಕಟ ಅಂದವು. "ನಾನ್ಯಾವ ನಿಯಮ ಮಾಡ್ದೆ? ಚಪ್ಪಲಿ ಹೊರಗೆ ಬಿಡಿ ಅಂತ ಒಂದು ನಿಯಮ ಮಾಡಿದ್ದೆ, ಅದನ್ನೇ ಇಲ್ಲಿ ಒಬ್ರೂ ಪಾಲಿಸಲ್ಲ!"

ಪಕ್ಕದ ಮೂಲೆಯಲ್ಲಿ ಹಲ್ಲಿಗೆ ಹೊಳಪು ಕೊಡುತ್ತಿದ್ದ ಚಿಕ್ಕಪ್ಪ ತನ್ನ ಚಪ್ಪಲಿ ಕಾಲನ್ನು ಮೆಲ್ಲಗೆ ಸ್ಟೂಲಿನ ಕೆಳಗೆ ಎಳೆದುಕೊಂಡ.

ಅದು ಹಲ್ಲು ತಯಾರಿಸುವ ಲ್ಯಾಬು. ಅಪ್ಪನ ಕಾಲದ್ದು. ಈಗ ಅಕ್ಕನದು. ಅಲ್ಲಿ ಎಲ್ಲರಿಗೂ ಆಕೆ ಅಕ್ಕನೇ. ಎತ್ತಿ ಆಡಿಸಿದ ಚಿಕ್ಕಪ್ಪನೂ ಈಗ "ಅಕ್ಕಾ" ಅಂತಲೇ ಕೂಗುತ್ತಾನೆ. ಮುಂಚೆ ಎಲ್ಲಾ ಕೈಕೆಲಸ, ಮೇಣ, ಪ್ಲಾಸ್ಟರು. ಈಗ ವೈದ್ಯರು ರೋಗಿಯ ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಅದರ ಚಿತ್ರವನ್ನು ಕಳಿಸುತ್ತಾರೆ. ಅಕ್ಕ ಕಂಪ್ಯೂಟರಿನಲ್ಲಿ ಹಲ್ಲು ಕಟ್ಟುತ್ತಾಳೆ. ಒಳಕೋಣೆಯಲ್ಲಿ ಗಾಜಿನ ಬಾಗಿಲಿನ ಯಂತ್ರ ಅದನ್ನು ಬಿಳಿ ಪಿಂಗಾಣಿ ಗಟ್ಟಿಯಿಂದ ಕೊರೆದು ಕೊಡುತ್ತದೆ. ಇವೆಲ್ಲದರ ನಡುವೆ ಒಂದು ಸರ್ವರು. ಬೀರುವಿನ ಮೇಲೆ ಕೂತ, ಬೂಟಿನ ಡಬ್ಬಿಯಷ್ಟಿರುವ ಕರಿ ಪೆಟ್ಟಿಗೆ. ಎಲ್ಲರ ಫೈಲೂ ಅದರೊಳಗೆ. ಯಾರೂ ತಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಇಟ್ಟುಕೊಳ್ಳಬಾರದು, ಎಲ್ಲವೂ ಒಂದೇ ಕಡೆ ಇರಬೇಕು ಅನ್ನುವುದು ಅಕ್ಕನ ತಮ್ಮ ಹಾಕಿಕೊಟ್ಟ ಪದ್ಧತಿ. ತಮ್ಮ ಲ್ಯಾಬು ಬಿಟ್ಟು ಹೋದ, ಪದ್ಧತಿ ಉಳಿಯಿತು. ಇವತ್ತು ಆ ಪೆಟ್ಟಿಗೆ ಯಾರನ್ನೂ ಒಳಗೆ ಬಿಡುತ್ತಿಲ್ಲ.

ಬೇರೆ ಯಾವ ಹಲ್ಲಾಗಿದ್ದರೂ ಅಕ್ಕ ಡಾಕ್ಟರ ಕಾಲು ಹಿಡಿದು ಇನ್ನೊಮ್ಮೆ ಚಿತ್ರ ತರಿಸುತ್ತಿದ್ದಳು. ಇದು ಹಾಗಲ್ಲ. ರೇಡಿಯೊ ಮೇಡಂ ಮೆಟ್ಟಿಲ ಮೇಲೆ ಮುಗ್ಗರಿಸಿ ಮುಂದಿನ ಹಲ್ಲು ಮುರಿದುಕೊಂಡಿದ್ದರು. ಪುಣ್ಯಕ್ಕೆ, ಹೋದ ವರ್ಷ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಅಂತ ರಾತ್ರಿ ಹಲ್ಲಿಗೆ ತೊಡಿಸಿಕೊಳ್ಳಲು ಆಕೆಗೊಂದು ರಬ್ಬರಿನ ಕವಚ ಮಾಡಿಕೊಟ್ಟಾಗ ಇಡೀ ಬಾಯಿಯ ಚಿತ್ರ ತೆಗೆದಿದ್ದರು. ಆಗ ಅವರ ಮುಂದಿನ ಎರಡು ಹಲ್ಲು ಸರತಿ ಸಾಲಿನಲ್ಲಿ ನುಗ್ಗಿದವರ ಹಾಗೆ ಒಂದರ ಮೇಲೊಂದು ಚೂರು ಹತ್ತಿಕೊಂಡಿದ್ದವು. ಆಕೆಯ ನಾಲಿಗೆ ‘ಸ’ ಅನ್ನುವಾಗ ತಾಕುತ್ತಿದ್ದುದು ಆ ಮೂಲೆಯನ್ನೇ. ಈಗ ‘ಸ’ ಅಂದರೆ ಕುಕ್ಕರಿನ ಸೀಟಿ, ಸೀಟಿ ತಪ್ಪಿಸಲು ಹೋದರೆ ‘ತ’. ಸುದ್ದಿ ಓದುವವರು ‘ಸ’ ಬಿಟ್ಟು ಏನು ಓದುತ್ತಾರೆ? ‘ಸುದ್ದಿ’ಯಲ್ಲೇ ‘ಸ’ ಇದೆ! ಆ ಹಳೆಯ ಹಲ್ಲು ಈ ಭೂಮಿ ಮೇಲೆ ಉಳಿದಿದ್ದರೆ ಬೀರುವಿನ ಮೇಲಿನ ಕರಿ ಪೆಟ್ಟಿಗೆಯಲ್ಲಿ ಮಾತ್ರ. ಅದನ್ನು ನೋಡಿಕೊಂಡು ಅಕ್ಕ ನಿನ್ನೆ ಕಟ್ಟಿ ಮುಗಿಸಿದ ಹೊಸ ಹಲ್ಲೂ ಅಲ್ಲೇ.

ಅಕ್ಕ ಬೆಳಿಗ್ಗೆಯಿಂದ ಸರ್ವರಿನ ಕೈಪಿಡಿ ಹುಡುಕುತ್ತಿದ್ದಳು. ಇಂಟರ್ನೆಟ್ಟಿನಲ್ಲಿ ಸಿಗದ್ದೇನಿದೆ? ಎಲ್ಲಾ ಸಿಗುತ್ತೆ, ಬೇಕಾದದ್ದು ಬಿಟ್ಟು. ಮೊದಲು ಸಿಕ್ಕ ಪುಟ ‘ಇದು ಹಳೆಯ ಆವೃತ್ತಿಗೆ ಸಂಬಂಧಿಸಿದ್ದು, ಹೊಸದನ್ನು ನೋಡಿ’ ಅಂದಿತು. ಹೊಸದನ್ನು ಒತ್ತಿದರೆ ‘ಈ ಪುಟ ಇಲ್ಲ’ ಅಂದಿತು. ಇನ್ನೊಂದು ಪುಟ ‘ಹೊಸಬರಿಗಾಗಿ’ ಅಂತ ತಲೆಬರಹ ಹೊತ್ತುಕೊಂಡು ಮೊದಲ ಸಾಲಿನಲ್ಲೇ ‘ನಿಮಗೆ ಈಗಾಗಲೇ ಗೊತ್ತಿರುವಂತೆ’ ಅಂದಿತು. ‘ದೋಷ ನಿವಾರಣೆ’ ಅನ್ನುವ ಅಧ್ಯಾಯ ಸಿಕ್ಕಿತು, ಕಣ್ಣರಳಿಸಿ ಓದಿದಳು. ಕೊನೆಗೆ ‘ಸಮಸ್ಯೆ ಮುಂದುವರಿದರೆ ನಿಮ್ಮ ಸರ್ವರಿನ ನಿರ್ವಾಹಕರನ್ನು ಸಂಪರ್ಕಿಸಿ’ ಅಂತಿತ್ತು.

"ನಿರ್ವಾಹಕಿ ನಾನೇ ಕಣಯ್ಯಾ! ನಾನು ನನ್ನನ್ನೇ ಹೇಗೆ ಸಂಪರ್ಕಿಸಲಿ? ಕನ್ನಡಿ ಮುಂದೆ ನಿಂತ್ಕೊಳ್ಲಾ?"

"ನಿಂತ್ಕೋಬೇಡ ಅಕ್ಕಾ," ಅಂದ ಚಿಕ್ಕಪ್ಪ. "ಈಗಿನ ಮುಖ ನೋಡಿದ್ರೆ ಕನ್ನಡಿಗೂ ಭಯ ಆಗುತ್ತೆ."

ಎಲ್ಲಕ್ಕಿಂತ ಉರಿ ಎಬ್ಬಿಸಿದವನು ಯಾರೋ ಒಬ್ಬ ಪರದೇಶಿ. ಮುಖ ಕಂಡಿಲ್ಲ, ಊರು ಗೊತ್ತಿಲ್ಲ. ಜನ ತಮ್ಮ ಕಷ್ಟ ಬರೆದುಕೊಳ್ಳುವ ಒಂದು ಪುಟದಲ್ಲಿ ಅವನು ಅಕ್ಕನ ಕಷ್ಟವನ್ನೇ, ಅದೇ ಮಾತಿನಲ್ಲಿ ಬರೆದುಕೊಂಡಿದ್ದ. ಅಕ್ಕನಿಗೆ ಕಳೆದುಹೋದ ಬಂಧು ಸಿಕ್ಕಷ್ಟು ಖುಷಿ. ಕೆಳಗೆ ಅವನೇ ಬರೆದಿದ್ದ: ‘ಸರಿಹೋಯಿತು. ಎಲ್ಲರಿಗೂ ಧನ್ಯವಾದ.’ ಹೇಗೆ ಸರಿಹೋಯಿತು? ಅದೊಂದು ಬಿಟ್ಟಿದ್ದ.

"ಇವನ ಮನೆ ಕಾಯ! ಊಟ ಮಾಡಿ ಕೈ ತೊಳ್ಕೊಂಡು ಅಡುಗೆಮನೆಗೆ ಬೀಗ ಹಾಕ್ಕೊಂಡು ಹೋದ ನೋಡಿ!"

ಪರದೆ ಮೇಲೆ ಓದಿದರೆ ತಲೆಗೆ ಹತ್ತುವುದಿಲ್ಲ ಅಂತ ಸಿಕ್ಕಸಿಕ್ಕ ಪುಟಕ್ಕೆಲ್ಲ ‘ಪ್ರಿಂಟ್’ ಒತ್ತಿದಳು. ಮೂಲೆಯ ಪ್ರಿಂಟರು ಉಸಿರೆತ್ತಲಿಲ್ಲ. ಮತ್ತೆ ಒತ್ತಿದಳು. ಹಟಕ್ಕೆ ಮತ್ತೂ ಒತ್ತಿದಳು. ಆಮೇಲೆ ಹೊಳೆಯಿತು, ಪ್ರಿಂಟರಿಗೂ ಆ ಕರಿ ಪೆಟ್ಟಿಗೆಯ ಮೂಲಕವೇ ಹೋಗಬೇಕು ಅಂತ.

"ತಮ್ಮನಿಗೆ ಫೋನ್ ಮಾಡು," ಅಂದ ಚಿಕ್ಕಪ್ಪ.

"ಸತ್ರೂ ಮಾಡಲ್ಲ."

ಅದಕ್ಕೂ ಕಾರಣವಿತ್ತು. ಒಂದು ದಿನ ತಮ್ಮ, "ಒಂದೇ ಒಂದು ಬೆಳಿಗ್ಗೆ ನನ್ನ ಜೊತೆ ಕೂತ್ಕೋ ಅಕ್ಕ. ಎಲ್ಲರಿಗೂ ಒಂದೊಂದು ಹೆಸರು, ಪಾಸ್‌ವರ್ಡು ಮಾಡೋಣ. ನೀನೂ ಇದನ್ನ ಸ್ವಲ್ಪ ಕಲ್ತ್ಕೋ," ಅಂತ ದುಂಬಾಲು ಬಿದ್ದಿದ್ದ. ಎಷ್ಟನೇ ಸಲವೋ. ಅಕ್ಕನ ಕೈ ತುಂಬ ಕೆಲಸ, ಕೋಪ ಮೂಗಿನ ತುದಿಯಲ್ಲಿತ್ತು. ಎಲ್ಲರ ಎದುರಿಗೆ, "ಇದು ಹಲ್ಲಿನ ಲ್ಯಾಬು. ನಿನ್ನ ಆಟದ ಸಾಮಾನು ಹರಡ್ಕೊಂಡು ಕೂರೋ ಜಾಗ ಅಲ್ಲ," ಅಂದುಬಿಟ್ಟಿದ್ದಳು. ತಮ್ಮ ಆ ವಾರವೇ ಹೊರಟ. ಈಗ ಲಿಫ್ಟು ರಿಪೇರಿ ಮಾಡುತ್ತಾನೆ. ಅಕ್ಕ-ತಮ್ಮನ ಮಾತೆಲ್ಲ ಅಮ್ಮನ ಮೂಲಕ, ಅದೂ ಅಮ್ಮ ಕತ್ತರಿಸಿ ಉಪ್ಪುಕಾರ ಕಡಿಮೆ ಮಾಡಿ ದಾಟಿಸಿದಷ್ಟು.

ಸತ್ತರೂ ಮಾಡಲ್ಲ ಅಂದವಳು ಮಧ್ಯಾಹ್ನದ ಊಟದ ಹೊತ್ತಿಗೆ ಮಾಡಿದಳು. ಯಾಕೆಂದರೆ ರೇಡಿಯೊ ಮೇಡಂ ತಾವೇ ಫೋನು ಮಾಡಿ, "ತಿದ್ಧ ಆಯ್ತೇನಮ್ಮಾ?" ಅಂದಿದ್ದರು. ಊರೆಲ್ಲ ಕೇಳಿದ್ದ ದನಿ. ಆ ದನಿಯಲ್ಲಿ ಆ ‘ತಿದ್ಧ’ ಕೇಳಿದ್ದೇ ಅಕ್ಕ ತಮ್ಮನ ನಂಬರು ಒತ್ತಿದಳು.

ತಮ್ಮ ಫೋನೆತ್ತಿ "ಹಲೋ" ಕೂಡ ಅನ್ನಲಿಲ್ಲ. "ಯಾರಿಗೇನಾಯ್ತು?" ಅಂದ.

"ನಿನ್ನ ಸರ್ವರಿಗಾಯ್ತು."

"ನನ್ನದಾ? ಲ್ಯಾಬು ಯಾರದ್ದು?"

"ತಲೆಹರಟೆ ಬೇಡ. ಹೇಗೆ ಸರಿ ಮಾಡೋದು, ಹೇಳು."

"ಬರೆದಿಟ್ಟೇ ಬಂದಿದ್ದೀನಲ್ಲ! ಮೊದಲಿಂದ ಕೊನೇವರೆಗೆ, ಚಿತ್ರ ಸಮೇತ. ರಾತ್ರಿಯೆಲ್ಲ ಕೂತು ಬರೆದೆ. ಓದಿದ್ಯಾ ಒಂದು ದಿನ? ಇಲ್ಲ. ನೀನ್ಯಾಕೆ ಓದ್ತೀಯ!"

"ಎಲ್ಲಿಟ್ಟಿದ್ದೀಯ ಅದನ್ನ?"

"‘ಮೊದಲು ಇದನ್ನು ಓದಿ’ ಅಂತ ದೊಡ್ಡ ಅಕ್ಷರದಲ್ಲಿ ಒಂದು ಫೋಲ್ಡರ್ ಇದೆ."

"ಎಲ್ಲಿದೆ ಆ ಫೋಲ್ಡರ್?"

"ಅದು ಸರ್..." ಅಂದವನ ಮಾತು ಅಲ್ಲೇ ನಿಂತಿತು. ಹಿಂದೆ ಎಲ್ಲೋ ಕಬ್ಬಿಣಕ್ಕೆ ಸುತ್ತಿಗೆ ಬೀಳುವ ಸದ್ದು. "ಸರ್ವರಿನಲ್ಲಿದೆ."

ಅಕ್ಕ ಕುರ್ಚಿ ತಳ್ಳಿ ಎದ್ದಳು. ಚಿಕ್ಕಪ್ಪ ಮುಂಜಾಗ್ರತೆಗೆ ಪಾಲಿಶಿನ ಯಂತ್ರ ಆರಿಸಿ, ಮಾಡಿಟ್ಟಿದ್ದ ಹಲ್ಲನ್ನೆಲ್ಲ ಡ್ರಾಯರಿಗೆ ಸೇರಿಸಿದ.

"ಬೀರುವಿನ ಬೀಗದ ಕೈ ಬೀರುವಿನೊಳಗೇ ಇಟ್ಟು ಬಾಗಿಲು ಹಾಕ್ಕೊಂಡು ಹೋದವನು ನೀನು!" ಅಕ್ಕನ ಕೂಗಿಗೆ ಗಾಜಿನ ಕಿಟಕಿ ಝಲ್ ಅಂದಿತು. "ಇದು ನಿನ್ನ ಬುದ್ಧಿವಂತಿಕೆ! ಚಿತ್ರ ಸಮೇತವಂತೆ! ಮುಳುಗೋ ದೋಣಿಯಲ್ಲಿ ಈಜು ಕಲಿಸೋ ಪುಸ್ತಕ ಇಟ್ಟು, ಪುಸ್ತಕಕ್ಕೆ ಕಲ್ಲು ಕಟ್ಟಿದ್ದೀಯಲ್ಲೋ!"

"ಕೂಗಾಡ್ಬೇಡ! ಪರದೆ ಮೇಲೆ ಏನು ಬಂದಿದೆ, ಓದು."

ಓದಿದಳು. "ಅತಿಥಿಗಳಂತೆ. ಇಲ್ಲಿಗೆ ಬೆಳಿಗ್ಗೆಯಿಂದ ನೊಣ ಕೂಡ ಬಂದಿಲ್ಲ."

"ಅತಿಥಿ ನೀನೇ."

"ಏನಂದೆ?"

"ನೀನು, ಚಿಕ್ಕಪ್ಪ, ಆ ಕೊರೆಯೋ ಯಂತ್ರ, ಎಲ್ಲರೂ. ಆ ಸರ್ವರಿನಲ್ಲಿ ಹೆಸರು ಅಂತ ಇರೋದು ನನ್ನದೊಂದೇ. ಹೆಸರಿಲ್ಲದೆ ಬರೋರನ್ನ ಅದು ಅತಿಥಿ ಅಂತ ಒಳಗೆ ಬಿಡ್ತಿತ್ತು. ರಾತ್ರಿ ಕಂಪ್ಯೂಟರುಗಳು ಅಪ್‌ಡೇಟ್ ಆಗಿರ್ಬೇಕು. ಹೊಸ ಆವೃತ್ತಿಯಲ್ಲಿ ಹೆಸರು ಹೇಳದೆ ಹೋಗೋಕೆ ಕಂಪ್ಯೂಟರೇ ಬಿಡಲ್ಲ. ಹೀಗಾಗುತ್ತೆ ಅಂತಲೇ ಅವತ್ತು ಬಡ್ಕೊಂಡೆ, ಹೆಸರು ಮಾಡೋಣ ಬಾ ಅಂತ."

ಇಷ್ಟು ವರ್ಷ ತನ್ನದೇ ಲ್ಯಾಬಿನೊಳಗೆ ಹೆಸರಿಲ್ಲದವಳಾಗಿ ಹೋಗಿಬಂದದ್ದು ತಾನು. ತನ್ನದೇ ಹಟಕ್ಕೆ. ಸಿಟ್ಟಿಗೆ ದಿಕ್ಕು ತಪ್ಪಿತು. ತಮ್ಮನ ಮೇಲೆ ಎಸೆಯೋಣ ಅಂತ ಎತ್ತಿದ ಕಲ್ಲು ಕೈಯಲ್ಲೇ ಉಳಿದು ಭಾರವಾಯಿತು.

"ಸರ್ವರು ಕೆಟ್ಟೇ ಇಲ್ಲ," ಅಂದ ತಮ್ಮ. "ನೀನು ಹುಡುಕ್ತಿರೋ ಅಧ್ಯಾಯವೇ ತಪ್ಪು. ‘ದೋಷ ನಿವಾರಣೆ’ ಬಿಡು. ಅದೇ ಕೈಪಿಡಿಯಲ್ಲಿ ‘ಬಳಕೆದಾರರನ್ನು ಸೇರಿಸುವುದು’ ಅಂತಿದೆ, ಅದನ್ನ ತೆಗಿ. ಪೆಟ್ಟಿಗೆಯನ್ನ ಕೆಳಗಿಳಿಸಿ ಕೀಬೋರ್ಡು, ಪರದೆ ಸಿಕ್ಕಿಸು. ನನ್ನ ಹೆಸರಲ್ಲಿ ಒಳಗೆ ಹೋಗು."

"ಪಾಸ್‌ವರ್ಡು?"

"ಕೇಳಿ ಬಯ್ಬೇಡ."

"ಲೋ, ಪಾಸ್‌ವರ್ಡು ಹೇಳೋ."

"ಆಟದಸಾಮಾನು," ಅಂದ ತಮ್ಮ. "ಇಂಗ್ಲಿಷ್ ಅಕ್ಷರದಲ್ಲಿ. ಮಧ್ಯೆ ಜಾಗ ಬಿಡ್ಬೇಡ. ಹೋಗೋ ದಿನ ಬದಲಾಯಿಸಿದ್ದೆ." ಯಾರೋ ಮೇಲಿನಿಂದ ಅವನನ್ನು ಕೂಗಿದರು. "ನಾನು ಲಿಫ್ಟಿನ ಗುಂಡಿಯೊಳಗೆ ಇಳೀಬೇಕು, ಸಿಗ್ನಲ್ ಸಿಗಲ್ಲ," ಅಂದವನೇ ಕಟ್ ಮಾಡಿದ.

ಅಕ್ಕ ಸ್ಟೂಲು ಹತ್ತಿ ಪೆಟ್ಟಿಗೆ ಇಳಿಸಿದಳು. ಚಿಕ್ಕಪ್ಪ ವೈರು ಹಿಡಿದುಕೊಂಡ. ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದಲೇ ಒರೆಸಿ, ಕೀಬೋರ್ಡು ಸಿಕ್ಕಿಸಿ, ತಾನೇ ಆಡಿದ್ದ ಮಾತನ್ನು ಒಂದೊಂದೇ ಅಕ್ಷರವಾಗಿ ಒತ್ತತೊಡಗಿದಳು. ಪರದೆಯ ಮೇಲೆ ಅಕ್ಷರವೂ ಕಾಣಿಸದು, ಚುಕ್ಕೆಯೂ ಕಾಣಿಸದು. ಅವಸರಕ್ಕೆ ತಪ್ಪು ಬಿತ್ತು. ‘ಮತ್ತೊಮ್ಮೆ ಪ್ರಯತ್ನಿಸಿ’ ಅಂದಿತು. ಬಾಯಲ್ಲಿ ಆಡುವಾಗ ಒಂದು ಉಸಿರೂ ಹಿಡಿದಿರಲಿಲ್ಲ. ಬೆರಳಲ್ಲಿ ಆಡಲು ಹಣೆಯೆಲ್ಲ ಬೆವೆತಿತು. ಎರಡನೇ ಸಲ ಬಾಗಿಲು ತೆರೆಯಿತು.

ತಮ್ಮ ಹೇಳಿದ ಅಧ್ಯಾಯ ಸಿಕ್ಕಿತು. ಪಕ್ಕದ ಕಂಪ್ಯೂಟರಿನಲ್ಲಿ ಅದನ್ನು ತೆರೆದಿಟ್ಟುಕೊಂಡು, ಅದು ಹೇಳಿದ ಹಾಗೆ ತನ್ನ ಹೆಸರು ಸೇರಿಸಿದಳು. ಪಾಸ್‌ವರ್ಡು ಕೊಟ್ಟಳು. ತನ್ನ ಕಂಪ್ಯೂಟರಿಗೆ ಬಂದು ಅದೇ ಹೆಸರು ಹೇಳಿದಳು. ‘ಪಾಸ್‌ವರ್ಡು ತಪ್ಪು’ ಅಂದಿತು.

"ಈಗ ತಾನೇ ಕೊಟ್ಟೆನಲ್ಲೇ, ದರಿದ್ರದ್ದೇ!"

"ಪೂರ್ತಿ ಓದಿದ್ಯಾ?" ಅಂದ ಚಿಕ್ಕಪ್ಪ.

"ಓದ್ದೆ!"

"ಕೊನೇವರೆಗೂ?"

ಅಕ್ಕ ಅವನನ್ನು ದುರುಗುಟ್ಟಿ ನೋಡಿ ಮತ್ತೆ ಪುಟಕ್ಕೆ ಹೋದಳು. ಅಡಿಯಲ್ಲಿ, ಔಷಧಿ ಡಬ್ಬಿಯ ಮೇಲಿನ ಅಕ್ಷರದಷ್ಟು ಸಣ್ಣದಾಗಿ ಒಂದು ಸಾಲಿತ್ತು: ಪೆಟ್ಟಿಗೆಯೊಳಗೆ ಹೋಗುವ ಪಾಸ್‌ವರ್ಡು ಬೇರೆ, ಅದರ ಫೈಲು ಹಂಚಿಕೊಳ್ಳುವ ಪಾಸ್‌ವರ್ಡು ಬೇರೆ, ಎರಡನೆಯದನ್ನು ಬೇರೆಯಾಗಿಯೇ ಕೊಡಬೇಕು. ಹಲ್ಲು ಕಚ್ಚಿಕೊಂಡು ಕೊಟ್ಟಳು. ಆಮೇಲೆ ಆ ಹೆಸರನ್ನೇ ಕೊರೆಯುವ ಯಂತ್ರಕ್ಕೂ ಹೇಳಿದಳು.

ಫೋಲ್ಡರುಗಳು ಸಾಲಾಗಿ ತೆರೆದುಕೊಂಡವು. ಎಲ್ಲಕ್ಕಿಂತ ಮೇಲೆ ‘ಮೊದಲು ಇದನ್ನು ಓದಿ’. ಅದನ್ನು ದಾಟಿ ಕೆಳಗಿಳಿದು ರೇಡಿಯೊ ಮೇಡಂ ಹಲ್ಲನ್ನು ಹುಡುಕಿ ಯಂತ್ರಕ್ಕೆ ಕಳಿಸಿದಳು. ಒಳಕೋಣೆಯಲ್ಲಿ ನೀರು ಚಿಮ್ಮಿ, ಕೊರೆಯುವ ಮೊಳೆ ಕೀರಲು ದನಿಯಲ್ಲಿ ತಿರುಗತೊಡಗಿತು. ಗಾಜಿನ ಹಿಂದೆ ಬಿಳಿ ಗಟ್ಟಿಯಿಂದ ಒಂದು ಹಲ್ಲಿನ ಅಂಚು ಎದ್ದು ಬರುವವರೆಗೂ ಅಕ್ಕ ಅಲ್ಲೇ ನಿಂತಿದ್ದಳು. ಅಂಚು ಚೂರು ಓರೆಯಾಗಿತ್ತು. ಪಕ್ಕದ್ದರ ಮೇಲೆ ಹತ್ತಿಕೊಳ್ಳುವ ಓರೆ.

ಡಾಕ್ಟರಿಗೆ "ಸಂಜೆಗೆ ಕಳಿಸ್ತೀನಿ" ಅಂತ ಹೇಳಿ ಫೋನಿಡುವುದರೊಳಗೆ ತಮ್ಮನ ಕರೆ.

"ಆಯ್ತಾ?"

"ಆಯ್ತು."

"ಆ ಎರಡನೇ ಪಾಸ್‌ವರ್ಡು ಹೇಳೋದು ಮರೆತಿದ್ದೆ. ಅದನ್ನ..."

"ಸಿಕ್ತು. ಅಷ್ಟು ದೊಡ್ಡ ಮಾತನ್ನ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಬರೆದವನ ಕೈ ಸೇದಿಹೋಗ."

"ಅದನ್ನ ಬರೆದವನು ನಾನಲ್ಲ."

"ನೀನಾಗಿದ್ರೆ ಬರೆದು ಮಡಚಿ ಸರ್ವರಿನೊಳಗೆ ಇಟ್ಟಿರ್ತಿದ್ದೆ."

ತಮ್ಮ ಮಾತು ತಿರುಗಿಸಿದ. "ನನ್ನ ಪಾಸ್‌ವರ್ಡು ಬದಲಾಯಿಸಿಬಿಡು," ಅಂದ.

"ನಾನ್ಯಾಕೆ ಬದಲಾಯಿಸಲಿ? ಇಟ್ಟವನು ನೀನು. ನೀನೇ ಬಂದು ಬದಲಾಯಿಸು."

"ನಾನು ಬರಲ್ಲ."

"ಬರ್ಬೇಡ ಹೋಗು!"

ಫೋನು ಮೇಜಿನ ಮೇಲೆ ಬಿತ್ತು. ಆ ಸದ್ದಿಗೇ ಎಚ್ಚರಾಯಿತೇನೋ ಅನ್ನುವ ಹಾಗೆ ಮೂಲೆಯ ಪ್ರಿಂಟರು ಒಮ್ಮೆ ಗೊರಕೆ ಹೊಡೆದು, ಬೆಳಿಗ್ಗೆಯಿಂದ ಅಕ್ಕ ಒತ್ತಿದ್ದನ್ನೆಲ್ಲ ಉಗುಳತೊಡಗಿತು. ಹಳೆಯ ಆವೃತ್ತಿ, ಹೊಸಬರಿಗಾಗಿ, ದೋಷ ನಿವಾರಣೆ, ಮತ್ತೆ ದೋಷ ನಿವಾರಣೆ. ತಟ್ಟೆ ತುಂಬಿ ಹಾಳೆಗಳು ನೆಲಕ್ಕೆ ಜಾರಿ, ಒಂದೊಂದಾಗಿ ಚಿಕ್ಕಪ್ಪನ ಚಪ್ಪಲಿಯ ಮೇಲೆ ಬಿದ್ದವು.