ಕಿವಿಗಿಟ್ಟ ಪುಸ್ತಕ

ಮಾರಯ್ಯನ ಮಗಳು ಸಿದ್ದಿ ಪಾಠ ಓದಲು ಶುರುಮಾಡಿದರೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸುಗಳು ಇಂಜಿನ್ ಆರಿಸಿಕೊಂಡು ಕೇಳುತ್ತಿದ್ದವು. ಮಗ್ಗಿ ಹೇಳಿದರೆ ಮರದ ಕಾಯಿಗಳು ತಾವಾಗಿಯೇ ಉದುರಿ, ಲೆಕ್ಕ ಒಪ್ಪಿಸಿ, ಗುಡ್ಡೆ ಸೇರುತ್ತಿದ್ದವು. ಮಾರಯ್ಯ ಟೀ ಅಂಗಡಿಯಲ್ಲಿ ಹೀಗೆ ಹೇಳದ ದಿನವಿಲ್ಲ. ತೆಂಗಿನಮರ ಹತ್ತುವವನ ಮಗಳು ನಾಲ್ಕನೇ ಕ್ಲಾಸು ಎಂದರೆ ಸಾಮಾನ್ಯವೇ?

ಇವತ್ತು ಮಾತ್ರ ಅವನ ನಾಲಗೆ ಅಂಟಿಕೊಂಡಿತ್ತು. ಬೆನ್ನ ಮೇಲೆ ಬೆವರು ಬೋರನಕಣಿವೆ ಜಲಾಶಯ ಕೋಡಿ ಬಿದ್ದಂತೆ ಇಳಿಯುತ್ತಿತ್ತು. ಶಾಲೆಗೆ ಇನ್‌ಸ್ಪೆಕ್ಟರು ಬಂದಿದ್ದರು. ಅವರಿಗೆ ಎಳನೀರು ಕೆತ್ತಿಕೊಡಲು ಪಂಚಾಯ್ತಿ ಛೇರ್ಮನ್ ಬೆಟ್ಟಸ್ವಾಮಿ ಇವನನ್ನೇ ಕರೆತಂದಿದ್ದ. ಮಾರಯ್ಯ ಹತ್ತುವ ಮರಗಳೆಲ್ಲ ಬೆಟ್ಟಸ್ವಾಮಿಯವೇ. ಓದು ಬಾರದ ಮಕ್ಕಳನ್ನು ಈ ಸಲ ಶಾಲೆ ಬಿಡಿಸುತ್ತಾರೆ ಎಂದು ಅವನು ಮೊದಲೇ ಹೆದರಿಸಿಟ್ಟಿದ್ದ. ಮಚ್ಚಿನ ಏಟು ಸೊಟ್ಟಗೆ ಬಿತ್ತು.

ಟೀ ಅಂಗಡಿಯ ಸುದ್ದಿ ಇನ್‌ಸ್ಪೆಕ್ಟರ ಕಿವಿಗೂ ಬಿದ್ದಿತ್ತು. ಅವರು ನಗುತ್ತ ಸಿದ್ದಿಯನ್ನೇ ಎಬ್ಬಿಸಿ, ಪುಸ್ತಕ ಕೊಟ್ಟರು.

"ಓದಮ್ಮ."

ಸಿದ್ದಿ ಅಪ್ಪನನ್ನು ನೋಡಿದಳು. ಛೇರ್ಮನ್ನನನ್ನು ನೋಡಿದಳು. ಆಮೇಲೆ, ಏನು ಮಾಡುತ್ತಿದ್ದೇನೆಂಬ ಅರಿವೇ ಇಲ್ಲದೆ, ಪುಸ್ತಕವನ್ನು ಕಿವಿಯ ಹತ್ತಿರ ಎತ್ತಿ ಅಲ್ಲಾಡಿಸಿದಳು.

ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಮೇಷ್ಟ್ರು ನೆಲ ನೋಡಿದರು.

"ಇವಕ್ಕೆ ತಲೆ ಇಲ್ಲ ಸಾರ್," ಎಂದ ಬೆಟ್ಟಸ್ವಾಮಿ. "ಹೆಸ್ರು ತೆಗ್ದಾಕಿ. ಕೆಲ್ಸನಾದ್ರೂ ಕಲ್ತ್ಕೊಳ್ಲಿ."

ಇನ್‌ಸ್ಪೆಕ್ಟರು ಮಾರಯ್ಯನ ಕಡೆ ತಿರುಗಿದರು. "ಏನಯ್ಯ, ಬಸ್ಸು ನಿಲ್ಸೋ ಮಗಳು ಇವಳೇನಾ?"

ಬೆಟ್ಟಸ್ವಾಮಿಯ ಕಣ್ಣು ಮಾರಯ್ಯನ ಮೇಲೇ ನೆಟ್ಟಿತ್ತು. ಸುಮ್ಮನಿದ್ದರೆ ಮರದ ಕೆಲಸ ಉಳಿಯುತ್ತದೆ, ಮಗಳ ಶಾಲೆ ಹೋಗುತ್ತದೆ. ಮಾರಯ್ಯ ಮಚ್ಚನ್ನು ಕೆಳಗಿಟ್ಟ.

"ಸುಳ್ಳು ಸಾಮಿ. ಅವ್ಳಿಗೆ ಒಂದಕ್ಷರನೂ ಬರಾಕಿಲ್ಲ. ಇಲ್ಲಿರೋ ಯಾವ ಮಗೀಗೂ ಬರಾಕಿಲ್ಲ. ಹಾಜ್ರಿ ಕೂಗಿದ್ಮೇಲೆ ಇವ್ರೆಲ್ಲ ಛೇರ್ಮನ್ನರ ಕೊಬ್ರಿ ಅಟ್ಟದ ಮ್ಯಾಲೆ ಇರ್ತಾರೆ. ಕಾಯಿ ಕಿವೀಗಿಟ್ಟು ಅಲ್ಲಾಡ್ಸಿ, ಒಳ್ಗೆ ಕೊಬ್ರಿ ಒಣ್ಗಿ ಚಿಪ್ಪು ಬಿಟ್ಕೊಂಡೈತಾ ಅಂತ ನೋಡೋದೇ ಇವ್ರ ಪಾಠ. ನಂಗೂ ಗೊತ್ತಿತ್ತು. ಕೆಲ್ಸ ಹೋಯ್ತದೆ ಅಂತ ಹೆದ್ರಿ, ಮಗ್ಳು ಓದ್ತಾಳೆ ಅಂತ ಊರೆಲ್ಲ ಸಾರ್ಕೊಂಡ್ ಬಂದೆ."

ಛೇರ್ಮನ್ ಕೆಮ್ಮಿದ. ಮಾರಯ್ಯ ಆ ಕಡೆ ನೋಡಲಿಲ್ಲ.

"ಹೆಸ್ರು ತೆಗೀಬ್ಯಾಡಿ ಸಾಮಿ, ಕಲ್ಸಿ. ನನ್ನ ಮಾತು ಯಾರೂ ನಂಬಾಕಿಲ್ಲ, ಬುಡಿ. ಆದ್ರೆ ಇದ್ರಲ್ಲಿ ನಾನು ಏನೂ ಸೇರ್ಸಿಲ್ಲ."