ಊರಿಗೆ ಬಿರುದು ಕೊಡುವವರು

ಹೊಸ ಊರಿನ ಸ್ಟೇಷನ್ನಿನಿಂದ ಹೊರಬಿದ್ದೊಡನೆ ಫೋನನ್ನು ಆರಿಸಿ ಕೋಟಿನ ಒಳಜೇಬಿಗೆ ಸೇರಿಸುವ ಮನುಷ್ಯರನ್ನು ಜಪಾನಿನಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ಒಕಾಜಾಕಿಯ ಸಂಶೋಧನಾಲಯವೊಂದರಲ್ಲಿ ಒಂಬತ್ತು ವರ್ಷಗಳಿಂದ ಇರುವ ಶ್ರೀಕಂಠರು. ಮೇಲಿನ ಗುಂಡಿ ಕಿತ್ತುಹೋದ ಕಂದು ಕೋಟು, ಎಡಗಾಲನ್ನು ತುಸು ಎಳೆದು ಹಾಕುವ ನಿಧಾನದ ನಡಿಗೆ, ಯಾವ ಮಾತಿಗೂ ಮುನ್ನ ಒಂದು ‘ಹ್ಞೂಂ, ನೋಡಣ’. ಇಲ್ಲಿನ ಊರುಗಳು ತಮಗೊಂದು ಘೋಷವಾಕ್ಯ ಬರೆಸಿ ಸ್ಟೇಷನ್ನಿನ ಮುಂದೆ ನಿಲ್ಲಿಸಿಕೊಂಡಿರುತ್ತವಷ್ಟೆ: ಹಸಿರಿನ ಊರು, ನಗುವಿನ ಊರು, ನಾಳೆಯ ಊರು. ಶ್ರೀಕಂಠರು ಆ ಫಲಕವನ್ನು ಅಕ್ಷರ ಅಕ್ಷರವಾಗಿ ಓದಿ, ‘ಅಲ್ಲ’ ಎಂದು ತೀರ್ಪು ಕೊಟ್ಟು, ಬೇಕೆಂದೇ ದಾರಿ ತಪ್ಪಿಸಿಕೊಳ್ಳಲು ಹೊರಡುತ್ತಾರೆ. ದಾರಿ ತಪ್ಪದೆ ಯಾವ ಊರಿಗೂ ಬಿರುದು ಕೊಡಬಾರದೆಂಬುದು ಅವರ ವ್ರತ. ಒಕಾಜಾಕಿಗೇ ಇನ್ನೂ ಬಿರುದಿಲ್ಲ. ಅಲ್ಲಿ ಎಷ್ಟು ತಿರುಗಿದರೂ ದಾರಿ ತಪ್ಪುತ್ತಿಲ್ಲವಂತೆ.

ಕಡಲನ್ನು ತುಂಬಿ ನೆಲ ಮಾಡಿಕೊಂಡ ಉರಯಾಸುವಿಗೆ ಅವರಿತ್ತ ಬಿರುದು, ‘ಸುಮಿಮಾಸೆನ್, ಸ್ವಲ್ಪ ಸರ್ಕೊಳ್ಳಿ ಅಂತ ಸಮುದ್ರಕ್ಕೇ ಹೇಳಿದ ಊರು’. ಇಲ್ಲಿನವರು ಮಾತು ಮಾತಿಗೂ ಹೇಳುವ ‘ಕ್ಷಮಿಸಿ’ಯೇ ಆ ಸುಮಿಮಾಸೆನ್. ವಾರದೊಳಗೆ ಟೋಕಿಯೊದ ಕನ್ನಡಿಗರ ಬಾಯಲ್ಲೆಲ್ಲ ಅದೇ. ನಾನೋ, ಕನ್ನಡ ಸಂಘದ ಸಂಚಿಕೆಗೆ ಹದಿನಾಲ್ಕು ವರ್ಷ ಪ್ರಬಂಧ ಬರೆದವನು. ನನ್ನ ಒಂದು ವಾಕ್ಯವನ್ನಾದರೂ ಯಾರೂ ನೆನಪಿನಿಂದ ಹೇಳಿದ್ದಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಕಳೆದ ಚಳಿಗಾಲದಲ್ಲಿ ಟೋಕಿಯೊದ ಅಂಚಿನ ನಮ್ಮ ಗ್ಯೋಟೋಕುವಿನ ಅಂಗಡಿಬೀದಿಯವರು ಊರಿಗೊಂದು ಹೊಸ ಘೋಷವಾಕ್ಯ ಬರೆದುಕೊಡಿರೆಂದು ನಿವಾಸಿಗಳನ್ನೆಲ್ಲ ಕೇಳಿದರು. ಆಯ್ದ ಸಾಲನ್ನು ಬರೆದವರ ಹೆಸರಿನೊಂದಿಗೆ ಬೀದಿಯ ಬಾಯಲ್ಲಿ ಕಟ್ಟುತ್ತಾರೆಂದು ತಿಳಿಯಿತು. ನನ್ನ ಹೆಸರು ಎಲ್ಲಾದರೂ ನಿಲ್ಲುವುದಾದರೆ ಅದು ಇಲ್ಲೇ ಎಂದು ಎರಡು ತಿಂಗಳು ತಿಣುಕಿ ಹನ್ನೊಂದು ಸಾಲು ಬರೆದೆ. ಒಂದೊಂದನ್ನೂ ಹೆಂಡತಿ ತಾರಾಗೆ ಓದಿ ಹೇಳಿದೆ. ಅವಳು ಒಗ್ಗರಣೆ ಹಾಕುತ್ತಲೇ ಎಲ್ಲದಕ್ಕೂ ಒಂದೇ ದನಿಯಲ್ಲಿ ಚೆನ್ನಾಗಿದೆ ಎಂದಳು.

ಹನ್ನೊಂದನೆಯ ಸಾಲು ಮುಗಿದ ವಾರವೇ ಯಾವುದೋ ಗೋಷ್ಠಿಗೆಂದು ಬಂದು ನಮ್ಮಲ್ಲಿ ಉಳಿದುಕೊಂಡ ಶ್ರೀಕಂಠರು, ಒಂದು ದಿನ ಬೆಳಗ್ಗೆಯೇ ಸುತ್ತಲು ಹೋದವರು, ಮಬ್ಬುಗತ್ತಲಾದ ಮೇಲೆ ಚಳಿಗೆ ಕಿವಿ ಕೆಂಪಾಗಿಸಿಕೊಂಡು ಮರಳಿದರು. ಕಾಫಿಯ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, “ಹ್ಞೂಂ, ನೋಡಣ. ಯಾರೋ ದೀಪ ಹಾಕಿಟ್ಟಿರೋ ಊರು” ಎಂದರು. ಬೆಳಗ್ಗೆ ಊರಿಗೆ ಊರೇ ರೈಲು ಹತ್ತಿ ಟೋಕಿಯೊಗೆ ಹೋಗಿಬಿಡುವುದನ್ನೂ, ಸಂಜೆ ಕಿಟಕಿ ಕಿಟಕಿಯಲ್ಲಿ ದೀಪ ಹಾಕಿ ಕಾಯುವವರನ್ನೂ ಅವರು ಒಂದೇ ದಿನದಲ್ಲಿ ಕಂಡುಬಿಟ್ಟಿದ್ದರು. ತಾರಾ ಸೌಟು ಕೆಳಗಿಟ್ಟಳು. ಮುಂಗೈಯಿಂದ ಕಣ್ಣೊರೆಸಿಕೊಂಡು ಒಳಹೋದಳು. ಹದಿನಾಲ್ಕು ವರ್ಷ ನನಗಾಗಿ ದೀಪ ಹಾಕಿಟ್ಟವಳು ಅವಳು. ಅದು ನನಗೆ ಹೊಳೆಯಲಿಲ್ಲವೆಂಬುದಕ್ಕಿಂತ ಅವರಿಗೆ ಹೊಳೆಯಿತೆಂಬುದೇ ನನ್ನನ್ನು ಸುಟ್ಟಿತು.

ಅವರು ಒಕಾಜಾಕಿಗೆ ಹಿಂತಿರುಗಿದ ಮರುದಿನ ಆ ಸಾಲನ್ನೇ ಜಪಾನೀ ಭಾಷೆಗೆ ತಿರುಗಿಸಿ, ಕೆಳಗೆ ನನ್ನ ಹೆಸರು ಬರೆದು, ಅಂಗಡಿಬೀದಿಯವರು ಸಾಲುಗಳಿಗೆಂದು ಇಟ್ಟಿದ್ದ ಡಬ್ಬಿಗೆ ಹಾಕಿ ಬಂದೆ. ಅದೇ ಗೆದ್ದಿತು.

ಏಪ್ರಿಲಿನಲ್ಲಿ ಶ್ರೀಕಂಠರು ಮತ್ತೆ ಬಂದ ದಿನವೇ ಬೀದಿಯ ಬಾಯಲ್ಲಿ ಹೊಸ ಬಟ್ಟೆಫಲಕ ಕಟ್ಟಿದ್ದರು. ಅವರನ್ನು ಕರೆತರಲು ತಾರಾಳೂ ಬಂದಿದ್ದಳು. ವಾಡಿಕೆಯಂತೆ ಅವರು ನಿಂತು, ತಲೆಯೆತ್ತಿ, ಅಕ್ಷರ ಅಕ್ಷರವಾಗಿ ಓದಿದರು.

“ಹೌದು,” ಎಂದರು. “ಇದನ್ನ ಬರೆದವರು ಈ ಊರಲ್ಲಿ ಚೆನ್ನಾಗಿ ಸುತ್ತಿದ್ದಾರೆ.”

ಕೆಳಗಿನ ಹೆಸರಿನತ್ತ ಅವರ ಕಣ್ಣು ಹೋಗಲೇ ಇಲ್ಲ. ಕೊಟ್ಟ ಬಿರುದನ್ನು ಕೊಟ್ಟಲ್ಲಿಯೇ ಮರೆಯುವವರು ಅವರು. ತಾರಾ ಮಾತ್ರ ಆ ಹೆಸರನ್ನು ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಮುಂದೆ ನಡೆದಳು.

ಶ್ರೀಕಂಠರು ಹೊರಟುಹೋದ ಸಂಜೆ ಸ್ಟೇಷನ್ನಿನಿಂದ ಬರುವಾಗ ಇಡೀ ಕಟ್ಟಡದಲ್ಲಿ ನಮ್ಮ ಕಿಟಕಿಯೊಂದೇ ಕತ್ತಲಾಗಿತ್ತು. ಒಳಗೆ ತಾರಾ ಸುಮ್ಮನೆ ಕುಳಿತಿದ್ದಳು. ದೀಪ ಯಾಕೆ ಹಾಕಿಲ್ಲವೆಂದು ಕೇಳಿದೆ.

“ಬೀದೀಲಿ ನಿಮ್ಮ ಹೆಸರೇ ಬರೆದಿದೆಯಲ್ರೀ,” ಎಂದಳು, “ಇನ್ಮೇಲೆ ನೀವೇ ಹಾಕ್ಕೊಳ್ಳಿ.”

ಊರನ್ನು ಕಂಡು, ಅದಕ್ಕೊಂದು ಮಾತು ಕೊಟ್ಟು, ಮುಂದಿನ ರೈಲು ಹತ್ತಿಬಿಡುವ ಶ್ರೀಕಂಠರಂಥವರು ವಿರಳ. ತಮ್ಮ ಹೆಸರಿಗೆ ಜಾಗ ಹುಡುಕದೆ ನಡೆಯುವುದರಿಂದಲೇ ಅಂಥವರಿಗೆ ಊರು ಕಾಣುತ್ತದೆ, ಊರೊಳಗಿನ ಮಂದಿಯೂ ಕಾಣುತ್ತಾರೆ. ಇಷ್ಟು ತಿಳಿದೂ ನನಗೆ ಅವರ ಮೇಲೆ ಈಗಲೂ ಅಸೂಯೆಯೇ. ದಿನಾ ಸಂಜೆ ನನ್ನ ಹೆಸರಿನ ಕೆಳಗೆ ತಲೆತಗ್ಗಿಸಿ ಹಾದು, ಮನೆಗೆ ಬಂದು, ಕತ್ತಲಲ್ಲಿ ಗೋಡೆ ತಡವಿ ಸ್ವಿಚ್ ಹಾಕುತ್ತೇನೆ.