ಹಿಂದಕ್ಕೆ ಹರಿದ ಹೊಳೆ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಶೆಡ್ಡಿನಲ್ಲಿ ಯಶ್ಮಿತಾ ಮತ್ತು ನೆಲ್ಸನ್ ಮಾಡುತ್ತಿದ್ದದ್ದು ಬರೀ ಕಟ್ಟಡಗಳ ಪುಟ್ಟ ಮಾದರಿಗಳನ್ನು. 2014ರ ಚಳಿಗಾಲದಲ್ಲಿ ಮೊದಲ ಸಲ ಒಂದು ಹೊಳೆ ಮಾಡುವ ಕೆಲಸ ಬಂತು. ಅಬುಧಾಬಿ ಬಳಿಯ ಬನಿಯಾಸಿನ ಶಾಲೆಯೊಂದರ ಭೂಗೋಳದ ಟೀಚರ್ ಮಾರ್ಟಿನಾ ಕೆನಡಾದವರು. ತಾವು ಬೆಳೆದ ಹುಲ್ಲುಗಾವಲಿನ ಸಣ್ಣ ನದಿಯನ್ನು ಮಕ್ಕಳಿಗೆ ತೋರಿಸಬೇಕು, ಅದರಲ್ಲಿ ನಿಜವಾದ ನೀರು ಹರಿಯಬೇಕು ಎಂದಿದ್ದರು.

ನಕ್ಷೆ ನೋಡಿ ಯಶ್ಮಿತಾಗೆ ನಗು ತಡೆಯಲಿಲ್ಲ. "ಇದೆಂತ ಹೊಳೆ ನೆಲ್ಸನಣ್ಣ? ಕುಡಿದವರ ಹಾಗೆ ಹೋಗ್ತಾ ಉಂಟು!"

ಅವಳು ಕಂಡ ಉಡುಪಿ ಕಡೆಯ ಹೊಳೆಗಳು ಘಟ್ಟ ಇಳಿದು ನೇರ ಕಡಲಿಗೆ ಓಡುವಂಥವು. ಇಲ್ಲಿ ಘಟ್ಟವೂ ಇಲ್ಲ, ಕಡಲೂ ಇಲ್ಲ. ಒಂದು ಸರೋವರದಿಂದ ಹೊರಟು, ಚಪ್ಪಟೆ ಬಯಲಿನಲ್ಲಿ ಬಳುಕಿ ಬಳುಕಿ, ದೊಡ್ಡ ನದಿಯೊಂದನ್ನು ಸೇರಿದರೆ ಮುಗಿಯಿತು.

ಇಳಿಜಾರೇ ಇಲ್ಲದ ಮೇಲೆ ನೀರು ಹರಿಯುವುದೆಲ್ಲಿಂದ? ನೆಲ್ಸನ್ ಮಾದರಿ ಇಟ್ಟ ಮೇಜಿನ ಕಾಲಿನಡಿಗೆ ರಟ್ಟು ಕೊಟ್ಟ, ತೆಗೆದ, ಮತ್ತೆ ಕೊಟ್ಟ. ಕೊನೆಗೂ ನೀರು ಅಲುಗಿದಾಗ ಇಬ್ಬರೂ ಕೂಗಿಕೊಂಡರು.

ಮಾರ್ಟಿನಾ ನೋಡಲು ಬಂದ ದಿನ ಗಡಿಬಿಡಿಯಲ್ಲಿ ಯಶ್ಮಿತಾ ದೊಡ್ಡ ನದಿಗೆ ನೀರು ಬಿಡುವ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟಳು. ದೊಡ್ಡ ನದಿ ಉಬ್ಬಿತು. ನೀರು ಸಣ್ಣ ಹೊಳೆಯ ಬಾಯಿಗೆ ನುಗ್ಗಿ, ತಿರುವು ತಿರುವಾಗಿ ಹಿಂದಕ್ಕೆ ಹತ್ತಿ, ಸರೋವರ ತುಂಬಿಸಿ, ನೆಲ್ಸನ್‌ನ ಶೂ ಮೇಲೆ ಸುರಿಯಿತು.

"ಖಲಾಸ್ ಮಾರಾಯ್ತಿ!" ಎಂದ ನೆಲ್ಸನ್.

ಯಶ್ಮಿತಾ ನಲ್ಲಿ ಮುಚ್ಚಲು ಹಾರಿದಳು. "ಬೇಡ, ಮುಚ್ಚಬೇಡ!" ಮಾರ್ಟಿನಾ ಇಂಗ್ಲಿಷಿನಲ್ಲಿ ಕಿರುಚಿದರು. ಕಣ್ಣು ಅರಳಿತ್ತು. "ಇದೇ, ಇದೇ! ವಸಂತದಲ್ಲಿ ಹಿಮ ಕರಗಿ ದೊಡ್ಡ ನದಿ ಉಕ್ಕಿದಾಗ ನಮ್ಮ ಹೊಳೆ ಹೀಗೇ ಹಿಂದಕ್ಕೆ ಹರಿಯುತ್ತಿತ್ತು. ನಾವೆಲ್ಲ ಸೇತುವೆಯಿಂದ ಕಡ್ಡಿ ಎಸೆದು, ಯಾರದ್ದು ಮುಂದೆ ಹೋಗುತ್ತದೆಂದು ಪಂದ್ಯ ಕಟ್ಟುತ್ತಿದ್ದೆವು. ನಿಮಗೆ ಯಾರು ಹೇಳಿದರು?"

"ಯಾರೂ ಇಲ್ಲ ಮ್ಯಾಮ್. ನನ್ನ ಕೈ ಜಾರಿತು."

ಮಾರ್ಟಿನಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಸದಿಂದ ಮರದ ಚೂರು ಹೆಕ್ಕಿ ತಂದು, "ಯಲ್ಲಾ, ಹೊರಡು!" ಎಂದು ನೀರಿಗೆ ಬಿಟ್ಟರು. ನೆಲ್ಸನ್ ಒದ್ದೆ ಶೂ ಕಳಚಿ ತನ್ನದೊಂದು ಚೂರು ಬಿಟ್ಟ, ಯಶ್ಮಿತಾ ಇನ್ನೊಂದು. ಪಕ್ಕದ ಗೋದಾಮಿನವರೂ ಓಡಿಬಂದರು. ಮೇಜಿನ ಸುತ್ತ ಕೂಗಾಟವೋ ಕೂಗಾಟ.

ಮುಂದಿನ ವಾರ ಮಾದರಿ ಶಾಲೆ ತಲುಪಿತು. ಜೋಡಿಸಲು ಹೋದ ಯಶ್ಮಿತಾ ಮಕ್ಕಳ ಜೊತೆ ಪಂದ್ಯಕ್ಕಿಳಿದು ಸೋತಳು, ಮತ್ತೆ ಸೋತಳು. ನೆಲ್ಸನ್ ವ್ಯಾನಿನ ಹಾರ್ನ್ ಒತ್ತುತ್ತಲೇ ಇದ್ದ.

"ಒಂದೇ ಒಂದು ಸಲ ನೆಲ್ಸನಣ್ಣ!" ಎನ್ನುತ್ತಾ ಅವಳು ಅಂಗಿಯ ತೋಳು ಮಡಚಿ ಇನ್ನೊಂದು ಚೂರು ಹೆಕ್ಕಿದಳು.